ಅಡ್ಡಗೆರೆಯ ಸೀಟುಗಳು

ರೈಲ್ವೆ ಮ್ಯೂಸಿಯಮ್ಮಿಗೆ ಹೋದವರೆಲ್ಲ ಮೊದಲು ಇಂಜಿನ್ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅದನ್ನು ಈಗಷ್ಟೇ ತಾವೇ ಓಡಿಸಿಕೊಂಡು ಬಂದು ನಿಲ್ಲಿಸಿದವರ ಹಾಗೆ ಸೊಂಟದ ಮೇಲೆ ಕೈ ಇಟ್ಟುಕೊಳ್ಳುವುದು ನಮ್ಮಂಥ ಗಂಡಸರ ಪದ್ಧತಿ. ನನ್ನ ಹತ್ತಿರವೇ ಅಂಥ ಒಂಬತ್ತು ಫೋಟೊಗಳಿವೆ. ನಮ್ಮ ದೊಡ್ಡಮ್ಮ ಮಾತ್ರ ಇಂಜಿನ್ನಿನ ಕಡೆ ತಿರುಗಿಯೂ ನೋಡುವುದಿಲ್ಲ. ಸೀದಾ ಬೋಗಿ ಹತ್ತಿ, 'ಮುಟ್ಟಬೇಡಿ' ಎಂಬ ಬೋರ್ಡಿನ ಎದುರಿಗೇ ಸೀಟನ್ನು ಹೆಬ್ಬೆರಳಿನಿಂದ ಒತ್ತುತ್ತಾಳೆ. ಬೆರಳು ಎಷ್ಟು ಒಳಗೆ ಹೋಯಿತು, ಸೀಟು ಎಷ್ಟು ಬೇಗ ಮೇಲೆದ್ದಿತು ಎಂಬುದರ ಮೇಲೆ ಆ ಮ್ಯೂಸಿಯಮ್ಮಿನ ಯೋಗ್ಯತೆ ತೀರ್ಮಾನವಾಗುತ್ತದೆ. "ಸ್ಪಂಜು" ಅಂದಳೋ, ಆ ಮ್ಯೂಸಿಯಂ ಕೆಟ್ಟಿತು. "ನಾರು" ಅಂದರೆ ಪರವಾಗಿಲ್ಲ. "ಕುದುರೆ ಕೂದಲು" ಅಂದಾಗ ಮಾತ್ರ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಹೊಲಿಗೆ ನೋಡಲು ಶುರು ಮಾಡುತ್ತಾಳೆ.

ಅವಳಿಗೆ ಈಗ ಎಪ್ಪತ್ತಾರು. ನಮ್ಮ ಊರಲ್ಲಿ ಟ್ರಾಮು ಓಡುತ್ತಿದ್ದ ಕಾಲದಲ್ಲಿ ಟ್ರಾಮ್ ಕಾರ್ಖಾನೆಯ ಸೀಟು ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷ ದುಡಿದವಳು. ಬಣ್ಣ ಬಳಿಯುವ ಶೆಡ್ಡಿಗೂ ಕಕ್ಕಸಿಗೂ ನಡುವೆ ಉಳಿದ ಜಾಗಕ್ಕೆ ತಗಡು ಹೊದಿಸಿ ಅದಕ್ಕೆ ಸೀಟು ಶೆಡ್ಡು ಎಂದು ಹೆಸರಿಟ್ಟಿದ್ದರು. ಅಲ್ಲಿ ಆರು ಮೇಜು, ಆರು ಹೆಂಗಸರು. ಒಬ್ಬಳು ಬಟ್ಟೆ ಕತ್ತರಿಸಬೇಕು, ಮಿಕ್ಕವರು ಸ್ಪ್ರಿಂಗ್ ಕಟ್ಟಿ, ನಾರು ತುಂಬಿ, ಬಟ್ಟೆ ಎಳೆದು ಹೊಲಿದು, ಅಂಚಿಗೆ ಸಣ್ಣ ಮೊಳೆ ಹೊಡೆಯಬೇಕು. ಒಂದು ಕೈಯಲ್ಲಿ ಬಟ್ಟೆ, ಇನ್ನೊಂದರಲ್ಲಿ ಸುತ್ತಿಗೆ. ಮೊಳೆ ಹಿಡಿಯಲು ದೇವರು ಮೂರನೇ ಕೈ ಕೊಡದ ಕಾರಣ ಅವು ಬಾಯಲ್ಲಿರುತ್ತಿದ್ದವು. ಕತ್ತರಿಸುವ ಕೆಲಸ ಇಲ್ಲದ ದಿನ ದೊಡ್ಡಮ್ಮನೂ ಬಾಯಿ ತುಂಬ ಮೊಳೆ ಇಟ್ಟುಕೊಳ್ಳುತ್ತಿದ್ದಳು. ಅವಳು ಇಂದಿಗೂ ಮಾತನ್ನು ಒಂದೊಂದಾಗಿ ತುಟಿಯ ತುದಿಗೆ ತಂದು ಹೊಡೆಯುವುದು ಆ ಅಭ್ಯಾಸದಿಂದ. ನಮ್ಮ ಮನೆಯಲ್ಲಿ ಮಿಕ್ಕವರು ಹತ್ತು ಮಾತಾಡುವಲ್ಲಿ ಅವಳದು ಒಂದು, ಆದರೆ ಅದು ಕೂತ ಕಡೆಯಿಂದ ಏಳುವುದಿಲ್ಲ.

ಟ್ರಾಮು ನಿಂತು ಮೂವತ್ತೊಂದು ವರ್ಷವಾಯಿತು. ಗಾಡಿಗಳು ಗುಜರಿಗೆ ಹೋದವು, ಹಳಿಯ ಮೇಲೆ ಡಾಂಬರು ಬಂತು, ಶೆಡ್ಡಿದ್ದ ಕಡೆ ಈಗ ಕಾರು ನಿಲ್ಲಿಸುತ್ತಾರೆ. ದೊಡ್ಡಮ್ಮ ಅದರ ಬಗ್ಗೆ ಉಸಿರೆತ್ತಿದ್ದನ್ನು ನಾನು ಕೇಳಿರಲಿಲ್ಲ. ನಾಲ್ಕು ವರ್ಷದ ಹಿಂದೆ, ರಜೆಯ ದಿನ ಮನೆಯಲ್ಲಿ ಕೂತು ಬೇಜಾರಾಗಿ, ನಾನೂ ನನ್ನ ಹೆಂಡತಿಯೂ ಅವಳನ್ನು ದೊಡ್ಡ ರೈಲ್ವೆ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದೆವು. ಅಲ್ಲಿ ಗಣ್ಯರ ಬೋಗಿ ಎಂಬುದೊಂದಿತ್ತು. ಅದರ ಬೋರ್ಡಿನಲ್ಲಿ ಬೋಗಿ ಕಟ್ಟಿಸಿದವರ ಹೆಸರು, ನಕ್ಷೆ ತೆಗೆದವರ ಹೆಸರು, ಮೊದಲ ಸಲ ಓಡಿಸಿದವನ ಹೆಸರು, ಮೆತ್ತನೆಯ ಕುರ್ಚಿಯಲ್ಲಿ ಕೂತು ಹೋದ ಹನ್ನೊಂದು ಮಂದಿ ದೊಡ್ಡವರ ಹೆಸರು ಇತ್ತು. ದೊಡ್ಡಮ್ಮ ಅದನ್ನು ಮೇಲಿಂದ ಕೆಳಗೆ ಎರಡು ಸಲ ಓದಿದಳು.

"ಕೂತವರ ಹೆಸರೆಲ್ಲ ಇದೆ," ಅಂದಳು. "ಕೂರೋ ಹಾಗೆ ಮಾಡಿದವರದ್ದಿಲ್ಲ."

ಬರುವಾಗ ರೈಲಿನಲ್ಲಿ ಮತ್ತೊಂದು ಮೊಳೆ ಹೊಡೆದಳು. ಎಲ್ಲಾದರೂ ಒಂದು ಕಡೆ ಬರೆದಿರಬೇಕಲ್ಲ, ಹುಡುಕು. ಸಾಯುವುದರೊಳಗೆ ಒಂದು ಬೋರ್ಡಿನ ಮೇಲೆ ಸೀಟು ಶೆಡ್ಡಿನ ಹೆಂಗಸರ ವಿಷಯ ಓದಬೇಕು, ಇಷ್ಟೇ ತನಗೆ ಬೇಕಾದದ್ದು.

ಹುಡುಕುವ ಕೆಲಸ ನನ್ನ ಪಾಲಿಗೆ ಬಂದದ್ದು ಸಹಜವಾಗಿತ್ತು. ಪ್ರವಾಸದ ಯೋಜನೆ ಹಾಕುವುದರಲ್ಲಿ ನಾನು ಎತ್ತಿದ ಕೈ ಎಂಬ ಅಭಿಪ್ರಾಯ ನನಗೆ ಮೊದಲಿನಿಂದಲೂ ಇದೆ. ಮನೆಯಲ್ಲಿ ಬೇರೆ ಯಾರಿಗೂ ಇಲ್ಲದ ಕಾರಣ ಅದನ್ನು ನಾನೊಬ್ಬನೇ ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದೇನೆ. ಒಂದೇ ಷರತ್ತು: ಬೆಳಿಗ್ಗೆ ಹೋಗಿ ಸಂಜೆಗೆ ವಾಪಸಾಗಬೇಕು. ಒಮ್ಮೆ ಲಾಡ್ಜಿನಲ್ಲಿ ಉಳಿದಾಗ ದೊಡ್ಡಮ್ಮ ಹಾಸಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ರಾತ್ರಿಯಿಡೀ ಕುರ್ಚಿಯಲ್ಲೇ ಕೂತಿದ್ದಳು. ಹಾಗಾಗಿ ನಾನು ಗೋಡೆಗೆ ಒಂದು ಭೂಪಟ ಅಂಟಿಸಿ, ಕೈವಾರ ತಂದು, ನಮ್ಮ ಮನೆಯನ್ನು ಮಧ್ಯಬಿಂದು ಮಾಡಿಕೊಂಡು ನಾಲ್ಕು ಗಂಟೆಯ ಪ್ರಯಾಣದಷ್ಟು ದೂರಕ್ಕೆ ಒಂದು ವೃತ್ತ ಎಳೆದೆ. ರೈಲು ಕೈವಾರ ಹಿಡಿದುಕೊಂಡು ಓಡುವುದಿಲ್ಲ ಎಂದು ಹೆಂಡತಿ ಅಂದಳು. ವಿಮಾ ಕಚೇರಿಯಲ್ಲಿ ಇಪ್ಪತ್ತು ವರ್ಷ ಫೈಲು ನೋಡಿದವನಿಗೆ ಇಂಥ ಟೀಕೆ ತಾಗುವುದಿಲ್ಲ.

ವೃತ್ತದೊಳಗೆ ಹದಿನಾಲ್ಕು ಮ್ಯೂಸಿಯಂ ಸಿಕ್ಕವು. ಕಾಗದದ ಮೇಲೆ ಹದಿನಾಲ್ಕು. ಒಂದಕ್ಕೆ ಮೂರು ಗಂಟೆ ಪ್ರಯಾಣ ಮಾಡಿ ಹೋದರೆ ಅದು ಪಾರ್ಕಿನ ಬಾಗಿಲಲ್ಲಿ ನಿಲ್ಲಿಸಿದ ಒಂದೇ ಒಂದು ಇಂಜಿನ್ನು, ಅದರ ತುಂಬ ಪಾರಿವಾಳ. ಇನ್ನೊಂದು ಒಬ್ಬ ರಿಟೈರಾದ ಗಾರ್ಡಿನ ಮನೆಯ ಗ್ಯಾರೇಜು. ಆಟದ ರೈಲುಗಳನ್ನು ಓಡಿಸಿ ತೋರಿಸುತ್ತ, ಪ್ರತಿ ಸ್ಟೇಷನ್ನಿನಲ್ಲೂ ತಾನೇ ಸೀಟಿ ಊದಿದ. ಅವುಗಳ ಸೀಟಿನಲ್ಲಿ ಹೆಬ್ಬೆರಳು ಒತ್ತುವಷ್ಟು ಜಾಗ ಇರಲಿಲ್ಲ. ಮೂರನೆಯದಕ್ಕೆ ಹೋದ ದಿನ ಬಾಗಿಲು ಹಾಕಿತ್ತು. ಹಳೇ ಗಾಡಿಗಳ ಮ್ಯೂಸಿಯಂಗಳಿಗೆ ಹಬೆ ತುಂಬಿ ಇಂಜಿನ್ ಓಡಿಸುವ ದಿನ, ಓಡಿಸದ ದಿನ ಎಂದು ಪಂಚಾಂಗವೇ ಬೇರೆ ಎಂಬುದು ನನಗೆ ಆವತ್ತು ಗೊತ್ತಾಯಿತು. ದೊಡ್ಡಮ್ಮ ಗೇಟಿನ ಕಂಬಿ ಹಿಡಿದುಕೊಂಡು ದೂರದಿಂದಲೇ ಬೋರ್ಡುಗಳನ್ನು ಓದಿ, "ಇಲ್ಲೂ ಇಲ್ಲ, ನಡಿ" ಅಂದಳು. ಹೀಗೆ ನಾಲ್ಕು ವರ್ಷದಲ್ಲಿ ಹನ್ನೆರಡು ಮ್ಯೂಸಿಯಂ ಮುಗಿದವು. ಹಳಿ ಹಾಕಿಸಿದವರು, ಸೇತುವೆ ಕಟ್ಟಿಸಿದವರು, ರಿಬ್ಬನ್ ಕತ್ತರಿಸಿದವರು, ಗಂಟೆ ದಾನ ಕೊಟ್ಟವರು ಎಲ್ಲರನ್ನೂ ಓದಿ ಮುಗಿಸಿದಳು. ಸೀಟು ಹೊಲಿದವರು ಒಂದು ಕಡೆಯೂ ಸಿಗಲಿಲ್ಲ.

ಹದಿಮೂರನೆಯದು ಟ್ರಾಮ್ ಮ್ಯೂಸಿಯಂ. ತಿಂಗಳ ಎರಡನೇ ಭಾನುವಾರ ಮಾತ್ರ ತೆರೆದಿರುತ್ತದೆ. ಅಲ್ಲಿರುವ ಏಳು ಗಾಡಿಗಳ ಪಟ್ಟಿಯನ್ನು ಫೋನಿನಲ್ಲಿ ನೋಡುತ್ತಿದ್ದವನಿಗೆ ಒಂದರ ಮುಂದೆ ನಮ್ಮ ಊರಿನ ಹೆಸರು ಕಾಣಿಸಿತು. ನಂಬರ್ ಅರವತ್ತಮೂರು. ಗುಜರಿಯಿಂದ ತಪ್ಪಿಸಿಕೊಂಡು ಉಳಿದ ಒಂದೇ ಒಂದು ಗಾಡಿ. ನಾನು ಎದೆಯುಬ್ಬಿಸಿಕೊಂಡು ಹೋಗಿ ಹೇಳಿದೆ. ದೊಡ್ಡಮ್ಮ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು.

"ಎಷ್ಟು ನಂಬರ್ ಅಂದೆ?"

ಹೇಳಿದೆ. ಅವಳು ಸಂತೋಷಪಡುತ್ತಾಳೆ ಅಂದುಕೊಂಡಿದ್ದೆ. ಅವಳು ಪಾತ್ರೆ ತಿಕ್ಕತೊಡಗಿದಳು, ಅದೂ ತೊಳೆದಿಟ್ಟಿದ್ದ ಪಾತ್ರೆ.

ಭಾನುವಾರ ಎರಡು ರೈಲು, ಒಂದು ಬಸ್ಸು, ಮುಕ್ಕಾಲು ಮೈಲಿ ನಡಿಗೆ ಮುಗಿಸಿ ಹನ್ನೊಂದಕ್ಕೆ ಅಲ್ಲಿದ್ದೆವು. ಹಳೆಯ ಡಿಪೊ, ಎತ್ತರದ ಗಾಜಿನ ಸೂರು, ನೆಲದ ತುಂಬ ಹಳಿ, ಗ್ರೀಸಿನ ವಾಸನೆ. ನೋಡಿಕೊಳ್ಳುವವರೆಲ್ಲ ಸಂಬಳವಿಲ್ಲದ ಉತ್ಸಾಹಿಗಳು. ಅವರ ಮುಖ್ಯಸ್ಥರು ರಿಟೈರಾದ ಹಲ್ಲಿನ ಡಾಕ್ಟರು. ಕಂಡಕ್ಟರ್ ಟೋಪಿ, ಹಿತ್ತಾಳೆ ಗುಂಡಿಯ ಕೋಟು, ಕೊರಳಲ್ಲಿ ಸೀಟಿ. ನಿಜವಾದ ಕಂಡಕ್ಟರುಗಳು ಇಷ್ಟು ಮಡಿಯಾಗಿ ಇದ್ದದ್ದನ್ನು ನಾನು ಕಂಡಿಲ್ಲ. ಎದುರಿಗಿದ್ದವರು ಬಾಯಿ ತೆರೆದು ಕೂತಿರುತ್ತಾರೆ, ನಡುವೆ ಪ್ರಶ್ನೆ ಕೇಳುವುದಿಲ್ಲ ಎಂಬ ನಂಬಿಕೆ ಅವರನ್ನು ಇನ್ನೂ ಬಿಟ್ಟಿರಲಿಲ್ಲ. ಹದಿನೈದು ಮಂದಿ ನಾವು ಅವರ ಹಿಂದೆ ಒಂದು ಗಾಡಿಯಿಂದ ಇನ್ನೊಂದಕ್ಕೆ ಹತ್ತಿ ಇಳಿದೆವು.

ಕೊನೆಗೆ ಅರವತ್ತಮೂರು. ಹಸಿರು ಮೈ, ಮರದ ಕಿಟಕಿ. ಒಳಗೆ ಇಪ್ಪತ್ತನಾಲ್ಕು ಸೀಟು, ಹಸಿರು ಹಳದಿ ಗೆರೆಯ ಬಟ್ಟೆ. ಚಿಕ್ಕಂದಿನಲ್ಲಿ ನಾನು ಓಡಾಡಿದ ಟ್ರಾಮುಗಳಲ್ಲಿ ಬೆನ್ನಿನ ಕಡೆ ಆ ಗೆರೆಗಳು ನೆಟ್ಟಗೆ ನಿಂತಿರುತ್ತಿದ್ದವು. ಇಲ್ಲಿ ಅಡ್ಡ ಮಲಗಿದ್ದವು. ಡಾಕ್ಟರು ಧ್ವನಿ ತಗ್ಗಿಸಿದರು, ದೊಡ್ಡ ವಿಷಯ ಬರುತ್ತಿದೆ ಎಂಬುದರ ಗುರುತು. ಇವನ್ನು ವೇಗದ ಗೆರೆಗಳು ಎನ್ನುತ್ತಾರೆ. ಪ್ರಯಾಣಿಕನಿಗೆ ಗಾಡಿ ಇನ್ನೂ ಜೋರಾಗಿ ಓಡುತ್ತಿದೆ ಅನ್ನಿಸಲಿ ಎಂದು ಆಗಿನ ಮುಖ್ಯ ಇಂಜಿನಿಯರು ಸ್ವತಃ ರೂಪಿಸಿದ್ದು. ಪ್ರಪಂಚದಲ್ಲಿ ಇಂಥದು ಇದೊಂದೇ. ಅದಕ್ಕೆಂದೇ ಉಳಿದೆಲ್ಲವನ್ನೂ ಗುಜರಿಗೆ ಹಾಕಿದಾಗ ಇದನ್ನು ಉಳಿಸಿಕೊಂಡರು. ಬಾಗಿಲ ಪಕ್ಕದ ಬೋರ್ಡಿನಲ್ಲೂ ಇದೆಲ್ಲ ಇತ್ತು, ಇಂಜಿನಿಯರ ಹೆಸರು ದೊಡ್ಡ ಅಕ್ಷರದಲ್ಲಿ. ಎಲ್ಲರೂ ತಲೆದೂಗಿದರು. ನಾನೂ ತೂಗಿದೆ.

ದೊಡ್ಡಮ್ಮ ಮಾತ್ರ ಯಾವ ಸೀಟನ್ನೂ ಒತ್ತಲಿಲ್ಲ. ಮೆಲ್ಲಗೆ ಇಳಿದು ಹೊರಗಿನ ಬೆಂಚಿನ ಮೇಲೆ ಕೂತಳು. ನನ್ನ ಹೆಂಡತಿ ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟಳು. ಅದು ಆರಿಹೋಗುವವರೆಗೂ ಹಿಡಿದುಕೊಂಡೇ ಕೂತಿದ್ದು, ಆಮೇಲೆ ಹೇಳಿದಳು.

"ಅದು ನಾನು ಕತ್ತರಿಸಿದ್ದು ಕಣೋ. ತಪ್ಪಾಗಿ ಕತ್ತರಿಸಿದ್ದು."

ನಡೆದದ್ದು ನಲವತ್ತೆಂಟು ವರ್ಷದ ಹಿಂದೆ. ಹೊಸ ಮಾರ್ಗದ ಉದ್ಘಾಟನೆಗೆ ಮೂರೇ ದಿನ ಇತ್ತು, ಅರವತ್ತಮೂರಕ್ಕೆ ಸೀಟೇ ಆಗಿರಲಿಲ್ಲ. ಸೀಟಿನ ಬೆನ್ನಿಗೆ ಬಟ್ಟೆ ಕತ್ತರಿಸಲು ತಗಡಿನ ಅಚ್ಚು ಒಂದಿತ್ತು, ಹೆಚ್ಚುಕಡಿಮೆ ಚೌಕ. ಮೇಲು ಯಾವ ಕಡೆ ಎಂದು ತೋರಿಸುವ ಬಿಳಿ ಬಾಣದ ಗುರುತು ಕೈ ತಾಗಿ ತಾಗಿ ಅಳಿಸಿಹೋಗಿತ್ತು. ಅವಸರದಲ್ಲಿ ದೊಡ್ಡಮ್ಮ ಅದನ್ನು ಅಡ್ಡ ಇಟ್ಟಳು. ಒಂದು ಬಟ್ಟೆಯಾಗಿದ್ದರೆ ಒಂದೇ ಹಾಳಾಗುತ್ತಿತ್ತು. ಶೆಡ್ಡಿನಲ್ಲಿ ಕತ್ತರಿಸುತ್ತಿದ್ದದ್ದು ಹನ್ನೆರಡು ಪದರ ಒಟ್ಟಿಗೆ ಪೇರಿಸಿ, ಯಂತ್ರದ ಬ್ಲೇಡು ಹಾಯಿಸಿ. ಎರಡು ಸಲ ಪೇರಿಸಿದಳು, ಎರಡು ಸಲ ಹಾಯಿಸಿದಳು. ಇಪ್ಪತ್ತನಾಲ್ಕೂ ಮಲಗಿದವು. ಮೊದಲ ಬಟ್ಟೆಯನ್ನು ಚೌಕಟ್ಟಿಗೆ ಎಳೆದಾಗಲೇ ಗೊತ್ತಾದದ್ದು. ತಿರುಗಿಸಿ ಹಾಕೋಣವೆಂದರೆ ಎರಡು ಬೆರಳು ಗಿಡ್ಡ. ಬೇರೆ ಬಟ್ಟೆ ಬರುವುದಕ್ಕೆ ಒಂದು ತಿಂಗಳು.

ಮೇಸ್ತ್ರಿ ಬಂದು ನೋಡಿದ. ಬಯ್ಯಲಿಲ್ಲ. ತಲೆ ಕೆರೆದುಕೊಂಡು ಹೋಗಿ, ಮುಖ್ಯ ಇಂಜಿನಿಯರನ್ನು ಕರೆತಂದು, "ಹೊಸ ಮಾದರಿ ಸಾರ್, ಹೇಗಿದೆ?" ಎಂದ. ಇಂಜಿನಿಯರು ಕನ್ನಡಕ ಏರಿಸಿ ಎರಡು ನಿಮಿಷ ನೋಡಿ, "ನಾನು ಹೇಳಿದ ಹಾಗೇ ಬಂದಿದೆ," ಅಂದರು. ಆ ವರ್ಷದ ವರದಿಯಲ್ಲಿ ವೇಗದ ಗೆರೆ ಎಂಬ ಹೆಸರೂ ಬಂತು. ಮೇಸ್ತ್ರಿ ಆರು ಜನರನ್ನೂ ನಿಲ್ಲಿಸಿ ಆಣೆ ಹಾಕಿಸಿದ: ಒಬ್ಬಳು ಬಾಯಿಬಿಟ್ಟರೆ ಕತ್ತರಿಸಿದವಳ ಕೆಲಸ ಹೋಗುತ್ತದೆ. ಯಾರೂ ಬಿಡಲಿಲ್ಲ. ದೊಡ್ಡಮ್ಮ ದೊಡ್ಡಪ್ಪನಿಗೂ ಹೇಳಿರಲಿಲ್ಲ.

ಈಗಲೇ ಹೋಗಿ ಹೇಳಿಬಿಡು ಎಂದು ನಾನು ಎದ್ದು ನಿಂತೆ. ಇಂಥ ಸಮಯದಲ್ಲಿ ಎದ್ದು ನಿಲ್ಲುವುದು ನನ್ನ ಸ್ವಭಾವ. ಹೇಳಬೇಕಾದವರು ಬೇರೆಯವರಾದರೆ ಧೈರ್ಯ ಇನ್ನೂ ಜಾಸ್ತಿ.

"ಕೂತ್ಕೋ," ಅಂದಳು. "ನಾವು ಮಾಡಿದ ಸೀಟು ಸಾವಿರ ಇರಬಹುದು. ಒಂದೂ ಉಳಿದಿಲ್ಲ. ಉಳಿದಿರೋದು ಇಷ್ಟೇ, ಕೆಟ್ಟದ್ದು. ಹೇಳದೇ ಇದ್ರೆ ಇದೂ ಅವರದ್ದೇ ಆಗುತ್ತೆ. ಹೇಳಿದ್ರೆ, ಸೀಟು ಶೆಡ್ಡಿನ ಹೆಂಗಸರು ಅಂದ್ರೆ ಅಡ್ಡ ಕತ್ತರಿಸಿದವರು ಅಂತ ಆಗುತ್ತೆ."

ನಾನು ಕೂತೆ. ಹೆಂಡತಿ ಫೋನು ತೆಗೆದಳು. ಮಿಕ್ಕ ಐದು ಜನರಲ್ಲಿ ಯಾರಾದರೂ ಇದ್ದಾರಾ ಎಂದು ಅವಳು ಕೇಳಿದಳು. ನಾಲ್ವರು ಹೋಗಿದ್ದರು. ಉಳಿದವಳು ಒಬ್ಬಳೇ, ಮಗಳ ಮನೆಯಲ್ಲಿದ್ದಾಳೆ. ಶೆಡ್ಡಿನಲ್ಲಿ ಮೇಣ ಹಚ್ಚಿದ ದಾರ ಹೊಸೆಯುವುದು ಅವಳ ಕೈಯಿಂದಲೇ ಆಗಬೇಕಿತ್ತಾದ್ದರಿಂದ ದಾರದಕ್ಕ ಎಂದೇ ಹೆಸರು. ಕಿವಿ ಸ್ವಲ್ಪ ಮಂದ. ಹೆಂಡತಿ ಅವಳ ನಂಬರ್ ಒತ್ತಿ, ಫೋನನ್ನು ಸ್ಪೀಕರಿಗೆ ಹಾಕಿ ದೊಡ್ಡಮ್ಮನ ಕೈಗೆ ಕೊಟ್ಟಳು. ಹಾಗಾಗಿ ಮುಂದಿನ ಮಾತುಕತೆಯನ್ನು ನಾವು ಮಾತ್ರವಲ್ಲ, ಡಿಪೊದ ಅರ್ಧ ಜನ ಕೇಳಿದರು.

"ಅರವತ್ಮೂರು ಸಿಕ್ತು ಕಣೇ," ಅಂದಳು ದೊಡ್ಡಮ್ಮ.

ಆ ಕಡೆಯಿಂದ ದಾರದಕ್ಕನ ದನಿ ಬಂತು: "ಇನ್ನೂ ಅಡ್ಡಾನೇ ಇದೆಯಾ?"

"ಹಾಗೇ ಇದೆ. ಒಂದು ಹೊಲಿಗೆ ಬಿಟ್ಟಿಲ್ಲ."

"ಯಾಕೆ ಬಿಡುತ್ತೆ? ಹೊಲಿದೋರು ನಾವು. ಕತ್ತರಿಸಿದೋಳು ತಾನೇ ನೀನು."

ದೊಡ್ಡಮ್ಮ ನಕ್ಕದ್ದನ್ನು ಆ ದಿನ ಮೊದಲ ಸಲ ನೋಡಿದೆ. "ಹೇಳಿಬಿಡ್ಲೇನೇ? ಆಣೆ ಹಾಕಿದ್ವಲ್ಲ."

"ಹಾಕಿಸಿದೋನು ಹೋಗಿ ಮೂವತ್ತು ವರ್ಷ ಆಯ್ತು. ಇನ್ನು ನಿನಗೆ ಮೆಮೊ ಕೊಡೋರು ಯಾರಿದಾರೆ? ಅಲ್ಲಿ ಇಂಜಿನಿಯರ್ ಹೆಸರಿದೆಯಾ?"

"ದೊಡ್ಡ ಅಕ್ಷರದಲ್ಲಿದೆ."

"ಹಾಗಾದ್ರೆ ಫೋನ್ ಇಟ್ಟು ಹೋಗಿ ಹೇಳು."

ಡಾಕ್ಟರು ಮುಂದಿನ ತಂಡಕ್ಕೆ ವೇಗದ ಗೆರೆಗಳ ಕಥೆ ಶುರು ಮಾಡಿದ್ದರು. ದೊಡ್ಡಮ್ಮ ಗಾಡಿ ಹತ್ತಿ, ಜನರ ಮಧ್ಯೆ ದಾರಿ ಮಾಡಿಕೊಂಡು ಹೋಗಿ ಅವರ ಎದುರು ನಿಂತಳು. ಇದು ವೇಗದ ಗೆರೆಯಲ್ಲ, ಅಚ್ಚು ಅಡ್ಡ ಇಟ್ಟು ಕತ್ತರಿಸಿದ್ದು, ಕತ್ತರಿಸಿದವಳು ತಾನು ಎಂದು ಮೂರು ಮೊಳೆ ಹೊಡೆದಳು. ಡಾಕ್ಟರು ಮೊದಲು, ನೋವಿಲ್ಲದ ಹಲ್ಲು ತೋರಿಸಿ ನೋವೆನ್ನುವ ಮಗುವನ್ನು ನೋಡುವ ಹಾಗೆ ಮುಗುಳ್ನಕ್ಕರು. ವಾರ್ಷಿಕ ವರದಿಯಲ್ಲೇ ಇದೆಯಲ್ಲ, ತಾಯಿ, ನಾನು ಅದನ್ನು ಅಚ್ಚಾದ ಪ್ರತಿಯಲ್ಲೇ ಓದಿದ್ದೇನೆ ಎಂದರು.

"ವರದಿ ಬರೆದವರು ಸೂಜಿ ಹಿಡಿದವರಲ್ಲ ಸ್ವಾಮಿ. ಸೀಟು ಸವರಿ ನೋಡಿ."

ಡಾಕ್ಟರು 'ಮುಟ್ಟಬೇಡಿ' ಬೋರ್ಡನ್ನು ನೋಡಿದರು. ಅದನ್ನು ಬರೆದವರೂ ಅವರೇ.

ದೊಡ್ಡಮ್ಮ ವಿವರಿಸಿದಳು. ಈ ಬಟ್ಟೆಗೆ ಬೆಕ್ಕಿನ ಮೈಯ ಹಾಗೆ ಸಣ್ಣ ಕೂದಲಿದೆ, ಅದು ಗೆರೆಯ ಉದ್ದಕ್ಕೆ ಒಂದೇ ಕಡೆ ಮಲಗಿರುತ್ತದೆ. ಆ ಕಡೆಗೆ ಸವರಿದರೆ ನುಣುಪು, ಎದುರು ಸವರಿದರೆ ಒರಟು. ಸರಿಯಾಗಿ ಮಾಡಿದ ಸೀಟಿನಲ್ಲಿ ಕೂದಲು ಯಾವಾಗಲೂ ಕೆಳಮುಖ, ಪಕ್ಕದ ಗಾಡಿಯಲ್ಲಿ ಬೇಕಾದರೆ ನೋಡಿಕೊಂಡು ಬನ್ನಿ. ಇಲ್ಲಿ ಬಟ್ಟೆ ಅಡ್ಡವಾದದ್ದರಿಂದ ಯಾವುದು ಮೇಲು ಯಾವುದು ಕೆಳಗು ಎಂಬ ಲೆಕ್ಕವೇ ತಪ್ಪಿ, ಅವಸರದಲ್ಲಿ ಕೈಗೆ ಬಂದ ಹಾಗೆ ಹೊಲಿದರು. ಕೆಲವು ಎಡಕ್ಕೆ ನುಣುಪು, ಕೆಲವು ಬಲಕ್ಕೆ. ಯೋಚನೆ ಮಾಡಿ ಮಾಡಿದ್ದಾದರೆ ಎಲ್ಲ ಒಂದೇ ಕಡೆ ಇರಬೇಕಿತ್ತಲ್ಲ?

ಡಾಕ್ಟರು ಟೋಪಿ ಸರಿಮಾಡಿಕೊಂಡು ಒಂದು ಸೀಟಿನ ಬೆನ್ನು ಸವರಿದರು. ಎಡಕ್ಕೆ ನುಣುಪು. ಪಕ್ಕದ್ದನ್ನು ಸವರಿದರು. ಎಡಕ್ಕೇ. ಮುಖ ಸ್ವಲ್ಪ ಅರಳಿತು. ಮೂರನೆಯದು ಬಲಕ್ಕೆ. ನಾಲ್ಕನೆಯದು ಎಡಕ್ಕೆ, ಐದು ಬಲಕ್ಕೆ, ಆರೂ ಬಲಕ್ಕೆ. ಅಷ್ಟರಲ್ಲಿ ತಂಡದವರೆಲ್ಲ ತಲೆಗೊಂದು ಸೀಟು ಹಂಚಿಕೊಂಡು ಸವರತೊಡಗಿದ್ದರು. ಎಡ, ಬಲ, ಬಲ, ಎಡ ಎಂದು ಗಾಡಿಯ ಉದ್ದಕ್ಕೂ ಕೂಗು ಕೇಳಿಸುತ್ತಿತ್ತು. ಡಾಕ್ಟರು ಇಪ್ಪತ್ತನಾಲ್ಕನ್ನೂ ಮುಗಿಸಿದರು. ನಡುವೆ ಬಿಡುವವರಲ್ಲ, ಅದು ಅವರ ವೃತ್ತಿಯ ಗುಣವಿರಬೇಕು. ಮುಗಿಸಿ ಒಂದು ಸೀಟಿನ ಮೇಲೆ ಕೂತುಬಿಟ್ಟರು. ಅದೂ ನಿಯಮಕ್ಕೆ ವಿರುದ್ಧ.

"ಒಂಬತ್ತು ವರ್ಷದಿಂದ ಹೇಳ್ತಾ ಬಂದಿದೀನಿ," ಅಂದರು. ನನಗೆ ಅಯ್ಯೋ ಅನ್ನಿಸಿತು. ಗೊತ್ತಿಲ್ಲದ್ದನ್ನು ಗಟ್ಟಿಯಾಗಿ ಹೇಳಿದ ಅನುಭವ ನನಗೂ ಕಡಿಮೆಯಿಲ್ಲ.

ಆದರೆ ಮನುಷ್ಯ ದೊಡ್ಡವರು. ಎದ್ದು ಹೋಗಿ ಒಂದು ದಪ್ಪ ಹಾಳೆ, ಮಾರ್ಕರ್ ಪೆನ್ನು ತಂದರು. ಹೊಸ ಬೋರ್ಡು ಆಗುವವರೆಗೆ ಇದನ್ನು ಅಂಟಿಸುತ್ತೇನೆ, ಏನು ಬರೆಯಲಿ ಹೇಳಿ ಎಂದು ದೊಡ್ಡಮ್ಮನ ಎದುರು ಹಾಳೆ ಹರಡಿಕೊಂಡರು. ಅವಳು ನಿಧಾನವಾಗಿ ಹೇಳತೊಡಗಿದಳು. ಹೊಲಿದವರು ಎಂದು ಬರೆಸಿ, ಮೇಜಿನ ಸಾಲಿನಲ್ಲಿ ಕೂರುತ್ತಿದ್ದ ಕ್ರಮದಲ್ಲೇ ಐದು ಹೆಸರು. ಆಮೇಲೆ ಬೇರೆ ಸಾಲಿನಲ್ಲಿ, ಕತ್ತರಿಸಿದವರು ಎಂದು ಬರೆಸಿ, ತನ್ನೊಬ್ಬಳದೇ. ಗೆರೆ ಅಡ್ಡವಾದದ್ದು ಕತ್ತರಿಸುವಾಗ ಆದ ತಪ್ಪಿನಿಂದ ಎಂಬಲ್ಲಿಗೆ ಬಂದಾಗ ಡಾಕ್ಟರು ಪೆನ್ನು ಎತ್ತಿದರು. ತಪ್ಪು ಅನ್ನುವುದು ಯಾಕೆ, 'ಆಕಸ್ಮಿಕವಾಗಿ' ಎಂದು ಬರೆದರೆ ಮರ್ಯಾದೆಯಾಗಿ ಕಾಣುತ್ತದೆ ಎಂದರು. ನನಗೂ ಅದೇ ಚೆನ್ನ ಅನ್ನಿಸಿತ್ತು.

"ಬೇಡ," ಅಂದಳು ದೊಡ್ಡಮ್ಮ. "ಆಕಸ್ಮಿಕ ಅಂದ್ರೆ ಅಲ್ಲಿ ಯಾರೂ ಇರಲಿಲ್ಲ ಅಂತ ಆಗುತ್ತೆ. ತಪ್ಪು ಅಂತಲೇ ಬರೀರಿ. ನಾವಿದ್ವಿ."

ಡಾಕ್ಟರು ಬರೆದರು. ಅದರ ಕೆಳಗೆ, ಯಾರೂ ಹೇಳದೆಯೇ, ನಲವತ್ತೆಂಟು ವರ್ಷದಲ್ಲಿ ಒಂದು ಹೊಲಿಗೆಯೂ ಬಿಟ್ಟಿಲ್ಲ ಎಂದು ಸೇರಿಸಿದರು. ಇಂಜಿನಿಯರ ಹೆಸರಿನ ಮೇಲೆ ಹಾಳೆ ಇಟ್ಟು ನಾಲ್ಕು ಮೂಲೆಗೂ ಟೇಪು ಹಾಕಿದರು. ದೊಡ್ಡಮ್ಮ ಮೇಲಿನ ಬಲ ಮೂಲೆಯ ಟೇಪನ್ನು ಕಿತ್ತು, ಸುಕ್ಕು ಬಿಡಿಸಿ, ತಾನೇ ಮತ್ತೆ ಹಾಕಿದಳು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಮೇಲಿಂದ ಕೆಳಗೆ ಓದಿದಳು.

ಅಷ್ಟರಲ್ಲಿ ಬಾಗಿಲಲ್ಲಿ ಹೊಸ ತಂಡವೊಂದು ಬಂದು ನಿಂತಿತ್ತು. ಡಾಕ್ಟರು ಅಭ್ಯಾಸಬಲದಿಂದ ಗಂಟಲು ಸರಿಮಾಡಿಕೊಂಡರು, ಆಮೇಲೆ ಏನೋ ಯೋಚಿಸಿ ಪಕ್ಕಕ್ಕೆ ಸರಿದರು. ಮುಂದೆ ನಿಂತಿದ್ದ ಹೆಂಗಸೊಬ್ಬರು ಹಾಳೆ ಓದಿ, ಸೀಟು ನೋಡಿ, ದೊಡ್ಡಮ್ಮನನ್ನು ನೋಡಿ, ಇದನ್ನೆಲ್ಲ ಮಾಡಿದ್ದು ನೀವೇನಾ ಎಂದು ಕೇಳಿದರು.

"ಕತ್ತರಿಸಿದ್ದು ನಾನು," ಅಂದಳು ದೊಡ್ಡಮ್ಮ, ಸೊಂಟ ನೆಟ್ಟಗೆ ಮಾಡಿಕೊಂಡು. "ಹೊಲಿದದ್ದು ಇವರು." ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು, ಐದನ್ನೂ ಗಟ್ಟಿಯಾಗಿ ಓದಿ ಹೇಳಿದಳು.